ಕುಕ್ಕರ್ ಕೂಗುವುದರೊಳಗೆ ಮಾಯಾಮಾಳವಗೌಳ

ಹಾಸನ ಜಿಲ್ಲೆಯಲ್ಲಿ ಹುಟ್ಟಿ, ಐವತ್ತು ದಾಟಿದ ಮೇಲೆ ಸಂಗೀತ ಕಲಿಯಲು ಹೊರಟವರನ್ನು ಯಾರೂ ನೋಡಿ ನಗುವುದಿಲ್ಲ, ಅದೇ ತೊಂದರೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಎಂಬ ಕಾವೇರಿ ದಡದ ಊರು ಅಷ್ಟೊಂದು ವಿದ್ವಾಂಸರನ್ನು ಕೊಟ್ಟಿರುವುದರಿಂದ, ಜಿಲ್ಲೆಯ ನೀರು ಕುಡಿದವರಿಗೆಲ್ಲ ಸ್ವರ ತಾನಾಗಿಯೇ ಬರುತ್ತದೆ ಎಂಬುದು ನಮ್ಮ ಬಂಧುವರ್ಗದ ದೃಢವಾದ ನಂಬಿಕೆ. ‘ಆರ್.ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಲಿಲ್ಲವೇನೋ, ನಿನಗಿನ್ನೂ ಯಾವ ಮಹಾ ವಯಸ್ಸಾಗಿದೆ?’ ಎಂದು ನನ್ನ ಸೋದರಮಾವ ಹುರಿದುಂಬಿಸಿದರು. 1920ರಲ್ಲಿ ಹುಟ್ಟಿದ, ರುದ್ರಪಟ್ಟಣದ ಗಾಯಕ ಶ್ರೀಕಂಠನ್ ಅವರು ಸಂಗೀತದ ಮನೆಯಲ್ಲೇ ಬೆಳೆದು, ಹಾಡುತ್ತ ಹಾಡುತ್ತಲೇ ತೊಂಬತ್ತನ್ನು ತಲುಪಿದವರು. ನಾನು ಅಲ್ಲಿಯವರೆಗೆ ಗಂಟಲನ್ನು ಹೆಚ್ಚಾಗಿ ಬಸ್ಸು ನಿಲ್ಲಿಸುವುದಕ್ಕೆ ಬಳಸಿದವನು ಎಂಬ ಸಣ್ಣ ವ್ಯತ್ಯಾಸವು ಮಾವನ ಲೆಕ್ಕಕ್ಕೆ ಬರಲೇ ಇಲ್ಲ.

ನನಗೆ ಪಾಠ ಹೇಳುವವರು ನನ್ನ ಮಗಳ ಓರಗೆಯವರು. ಮಕ್ಕಳೆಲ್ಲ ಅವರನ್ನು ‘ಮಿಸ್’ ಎನ್ನುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ, ಅವರು ನನ್ನನ್ನು ‘ಸರ್’ ಎನ್ನುತ್ತಾರೆ. ಹೀಗೆ ಪರಸ್ಪರ ಗೌರವದಲ್ಲಿ ತಾಳ ತಪ್ಪಿದ್ದನ್ನು ಹೇಳುವುದು ಅವರಿಗೆ ಬಹಳ ಕಷ್ಟವಾಗುತ್ತದೆ. ಮೊದಲ ತರಗತಿಯಲ್ಲಿ ಶ್ರುತಿಯನ್ನು ಮಕ್ಕಳಿಗಾಗಿ ಐದೂವರೆ ಮನೆಗೆ, ಅಂದರೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಸಾಕಷ್ಟು ಎತ್ತರಕ್ಕೆ, ಇಟ್ಟಿದ್ದರು. ಮೇಲಿನ ಷಡ್ಜಕ್ಕೆ ನಾನು ಕೈಹಾಕಿದಾಗ ಮುಂದಿನ ಸಾಲಿನ ಮಗುವೊಂದು ಹೆದರಿ ಹಿಂದೆ ತಿರುಗಿ ನೋಡಿದ್ದರಿಂದ, ನನಗೆ ಬೇರೆ ಶ್ರುತಿ, ಬೇರೆ ಹೊತ್ತು ನಿಗದಿಯಾಯಿತು. ಕತ್ತಿನ ನರ ಉಬ್ಬದೆ ಕೆಳಗಿನ ಪಂಚಮವೂ ಮೇಲಿನ ಷಡ್ಜವೂ ಸಿಗುವ ಜಾಗವನ್ನು ಹುಡುಕಿ, ಒಂದು ಮನೆಯಲ್ಲಿ ನಿಲ್ಲಿಸಿದರು. ವಯಸ್ಕರ ಅಭ್ಯಾಸದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ತಮ್ಮದಲ್ಲದ ಶ್ರುತಿಯಲ್ಲಿ ಹಾಡುವವರು ಎಷ್ಟು ಸಾಧನೆ ಮಾಡಿದರೂ ಕಿರುಚುವುದರಲ್ಲೇ ಪಳಗುತ್ತಾರೆ.

ಸಾಧನೆಯೆಂದರೆ ಬೆಳಗಿನ ಜಾವದಲ್ಲಿ ಎದ್ದು, ಒಂದು ಗಂಟೆ ಕಾಲ ಗಂಟಲು ಬಿಟ್ಟು ಹಾಡುವುದು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರು ಡಿಸೆಂಬರಿನ ಹಾಸನದಲ್ಲಿ ಐದು ಗಂಟೆಗೆ ‘ಅ’ಕಾರ ಹಿಡಿದು ನೋಡಬೇಕು. ನಾನು ಹಿಡಿದಾಗ ಪಕ್ಕದ ಮನೆಯ ನಿವೃತ್ತ ಮುಖ್ಯೋಪಾಧ್ಯಾಯರು ಮಫ್ಲರ್ ಸುತ್ತಿಕೊಂಡು ಗೇಟಿನವರೆಗೆ ಬಂದು, ‘ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ? ಆಟೋ ಏನಾದರೂ ಬೇಕೇ?’ ಎಂದು ನಿಜವಾದ ಕಳಕಳಿಯಿಂದ ವಿಚಾರಿಸಿದರು.

ಹಾಗಾಗಿ ಅಭ್ಯಾಸವು ಅನಿವಾರ್ಯವಾಗಿ ಸಂಜೆಯ ಅಡುಗೆಯ ಹೊತ್ತಿಗೆ ಬಂದಿತು. ಒಲೆಯ ಮೇಲೆ ಬೇಳೆ ಇಟ್ಟು ನನ್ನ ಹೆಂಡತಿ ತರಕಾರಿಗೆ ಹೋಗುತ್ತಾಳೆ, ಮೂರು ಸಲ ಕೂಗಿದೊಡನೆ ಆರಿಸುವುದು ನನ್ನ ಜವಾಬ್ದಾರಿ, ಅಷ್ಟರೊಳಗೆ ಸಿಗುವ ಕಾಲು ಗಂಟೆಯೇ ನನ್ನ ಸಂಗೀತ. ಸ್ವರಾಭ್ಯಾಸದ ಮೊದಲ ಪಾಠವಾದ ಸರಳೆ ವರಸೆಯ ಎರಡನೆಯ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ, ಕಾಲಿಡುವ ಹೊತ್ತಿಗೆ ಕುಕ್ಕರ್ ತನ್ನದೇ ಶ್ರುತಿಯಲ್ಲಿ ಮೊದಲನೆಯದನ್ನು ಕೂಗುತ್ತದೆ. ಎದ್ದು ಹೋಗಿ ಬಂದ ಮೇಲೆ ಯಾವ ವರಸೆಯಲ್ಲಿದ್ದೆ ಎಂಬುದೇ ಮರೆತಿರುವುದರಿಂದ ಜಂಟಿ ವರಸೆಯನ್ನೋ ದಾಟು ವರಸೆಯನ್ನೋ ಹಿಡಿಯಬೇಕಾಗುತ್ತದೆ. ಈ ಅವ್ಯವಸ್ಥೆಯನ್ನು ಮಿಸ್ ಹತ್ತಿರ ದುಃಖದಿಂದ ತೋಡಿಕೊಂಡಾಗ, ಅವರು ಅದನ್ನೇ ಮುಂದುವರಿಸಿ ಎಂದುಬಿಟ್ಟರು. ಒಂದೇ ವರಸೆಯನ್ನು ಮೇಲಿಂದ ಮೇಲೆ ತಿರುವಿದರೆ ಬಾಯಿ ತಾನಾಗಿ ನಡೆಯುತ್ತದೆ, ಕಿವಿ ಮಲಗಿಬಿಡುತ್ತದೆ. ನಡುವೆ ಬಿಟ್ಟು, ಬೇರೆಯದನ್ನು ಹಾಡಿ, ಮತ್ತೆ ಮೊದಲಿನದಕ್ಕೆ ಬಂದಾಗ ತಲೆಯು ಹುಡುಕಾಡಬೇಕಾಗುತ್ತದೆ, ಹುಡುಕಾಡಿ ಸಿಕ್ಕಿದ್ದೇ ಮರುದಿನಕ್ಕೂ ಉಳಿಯುತ್ತದೆ ಎಂಬುದು ಅವರ ವಾದ. ಭಾನುವಾರ ಒಮ್ಮೆಲೇ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಕಾಲು ಗಂಟೆ ಮೇಲು ಎಂದೂ ಹೇಳಿದರು. ನನ್ನ ಹೆಂಡತಿ ಇದನ್ನು ಕೇಳಿ, ಭಾನುವಾರದ ಮಟ್ಟಿಗಾದರೂ ಅದು ಬಹಳ ಒಳ್ಳೆಯ ಶಾಸ್ತ್ರ ಎಂದಳು.

ದೊಡ್ಡವರಿಗೆ ಒಂದು ಅನುಕೂಲವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಪುರಂದರದಾಸರು ಅಭ್ಯಾಸಕ್ಕೆಂದು ಆರಿಸಿದರೆಂದು ಸಂಪ್ರದಾಯವು ಹೇಳುವ ಮಾಯಾಮಾಳವಗೌಳ ರಾಗವು 15ನೆಯ ಮೇಳ, ಅಂದರೆ ಏಳೂ ಸ್ವರಗಳಿರುವ ಮೂಲರಾಗಗಳ ಪಟ್ಟಿಯಲ್ಲಿ ಹದಿನೈದನೆಯದು. ಷಡ್ಜದಿಂದ ರಿಷಭಕ್ಕೆ ಅರ್ಧ ಸ್ವರದ ದೂರ, ಅಲ್ಲಿಂದ ಗಾಂಧಾರಕ್ಕೆ ಒಂದೂವರೆ, ಮಧ್ಯಮಕ್ಕೆ ಮತ್ತೆ ಅರ್ಧ. ಪಂಚಮದಿಂದ ಮೇಲಿನ ಷಡ್ಜದವರೆಗೂ ಅದೇ ಅಳತೆ. ‘ಸರಿಗಮ’ ನೆಟ್ಟಗೆ ಬಂದರೆ ಅದನ್ನೇ ಮೇಲಕ್ಕೆ ಎತ್ತಿಟ್ಟು ‘ಪದನಿಸ’ ಎಂದರಾಯಿತು. ಮಕ್ಕಳಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ, ಅವರು ಹಾಡಿಬಿಡುತ್ತಾರೆ. ನಾನು ಮಾತ್ರ ಕಾಗದದ ಮೇಲೆ ಗೀಟು ಹಾಕಿ, ಅರ್ಥ ಮಾಡಿಕೊಂಡು, ಸಂತೋಷಪಟ್ಟು, ಆನಂತರ ತಪ್ಪಾಗಿ ಹಾಡುತ್ತೇನೆ. ತಪ್ಪು ಎಲ್ಲಾಯಿತು ಎಂಬುದಂತೂ ಈಗ ಗೊತ್ತಾಗುತ್ತದೆ.

ಅದು ಗೊತ್ತಾಗುವುದಕ್ಕೆ ನೆರವಾದವರು ಸಾಲ ಕೊಡಲು ಫೋನ್ ಮಾಡುವ ಮಹನೀಯರು. ನನ್ನ ತಂಬೂರಿ ಇರುವುದು ಮೊಬೈಲಿನೊಳಗೆ. ಕರೆ ಬಂದೊಡನೆ ತಂಬೂರಿ ನಿಲ್ಲುತ್ತದೆ, ನಾನು ಹಟದಿಂದ ಹಾಡುತ್ತಲೇ ಇರುತ್ತೇನೆ, ಅತ್ತ ಕಡೆಯವರಿಗೆ ಬೇಸರವಾಗಿ ಕರೆ ನಿಂತಾಗ ತಂಬೂರಿ ಮರಳಿ ಮೊಳಗುತ್ತದೆ. ಆ ಕ್ಷಣದಲ್ಲಿ ಅದರ ಷಡ್ಜ ಎಲ್ಲಿದೆ, ನನ್ನದು ಎಲ್ಲಿಗೆ ಜಾರಿದೆ ಎಂಬುದು ಯಾವ ಮುಲಾಜೂ ಇಲ್ಲದೆ ಬಯಲಾಗುತ್ತದೆ. ಮೊದಮೊದಲು ನಾನು ಪ್ರತಿ ಕರೆಗೂ ಒಂದಷ್ಟು ಕೆಳಗೆ ಇಳಿದಿರುತ್ತಿದ್ದೆ. ಕ್ರಮೇಣ ಇದನ್ನೇ ಅಭ್ಯಾಸವಾಗಿ ಮಾಡಿಕೊಂಡು, ಯಾರೂ ಕರೆಯದ ದಿನ ನಾನೇ ಎರಡು ಆವರ್ತನ, ಅಂದರೆ ತಾಳದ ಎರಡು ಸುತ್ತು, ತಂಬೂರಿಯನ್ನು ನಿಲ್ಲಿಸಿ, ಮತ್ತೆ ಹಾಕಿ ಪರೀಕ್ಷಿಸುತ್ತೇನೆ. ಒಮ್ಮೆ ಮೈಮರೆತು ಬೆರಳು ತಾಗಿ ಕರೆ ಕೂಡಿಕೊಂಡದ್ದರಿಂದ, ಸಾಲದ ಹುಡುಗಿಯೊಬ್ಬಳು ಆರನೆಯ ಸರಳೆ ವರಸೆಯನ್ನು ಪೂರ್ತಿ ಕೇಳಿ, ‘ಸರ್, ತಮಗೆ ಎಷ್ಟು ಲಕ್ಷ ಬೇಕಾಗಿತ್ತು?’ ಎಂದಳು.

ಮಫ್ಲರಿನ ಮುಖ್ಯೋಪಾಧ್ಯಾಯರ ನಿದ್ದೆಯನ್ನು ಕಾಪಾಡಲೆಂದು ಮಿಸ್ ಹೇಳಿಕೊಟ್ಟದ್ದು ಸ್ಟ್ರಾ ವಿದ್ಯೆ. ಸ್ಟೀಲ್ ಲೋಟದಲ್ಲಿ ಅರ್ಧ ನೀರು ಹಾಕಿ, ಸ್ಟ್ರಾದ ತುದಿಯನ್ನು ಎರಡು ಬೆರಳಿನಷ್ಟು ಅದ್ದಿ, ತುಟಿ ಬಿಗಿದು ‘ಊ’ ಎಂದು ಸ್ವರ ಹಿಡಿಯಬೇಕು. ಕಿರಿದಾದ ದಾರಿಯಿಂದ ಉಂಟಾಗುವ ಒತ್ತಡವು ಹಿಂದಕ್ಕೆ ತಳ್ಳುವುದರಿಂದ ಧ್ವನಿತಂತುಗಳು ಪರಸ್ಪರ ಜೋರಾಗಿ ಬಡಿದುಕೊಳ್ಳದೆ ಕಂಪಿಸುತ್ತವೆಯಂತೆ; ಧ್ವನಿಚಿಕಿತ್ಸಕರೂ ಇದನ್ನು ಬಳಸುತ್ತಾರೆ. ಉಸಿರು ಸಮನಾಗಿದ್ದರೆ ಗುಳ್ಳೆಗಳೂ ಸಮನಾಗಿ ಏಳುತ್ತವೆ, ಉಸಿರು ಮುಕ್ಕರಿಸಿದರೆ ನೀರು ಮೂಗಿಗೆ ಹಾರುತ್ತದೆ, ಹೀಗಾಗಿ ತೀರ್ಪು ತಕ್ಷಣವೇ ಸಿಗುತ್ತದೆ. ಎಳನೀರಿನವನ ಹತ್ತಿರ ಒಂದು ಎಳನೀರು ಕುಡಿದು ನಾಲ್ಕು ಸ್ಟ್ರಾ ಕೇಳಿದಾಗ ಅವನು ನನ್ನ ಹಿಂದೆ ಇಲ್ಲದ ಮೂವರನ್ನು ಹುಡುಕಿದ. ಮನೆಗೆ ಬಂದಿದ್ದ ನಾದಿನಿ ಅಡುಗೆಮನೆಯಿಂದಲೇ, ‘ಭಾವ, ಆ ನಲ್ಲಿ ಗೊರಗೊರ ಅಂತಿದೆ, ನೀರು ಬಂತೇನೋ ನೋಡಿ’ ಎಂದು ಕೂಗಿದಳು. ನಾನು ಆಗ ಶುದ್ಧವಾದ ಅಂತರ ಗಾಂಧಾರದಲ್ಲಿದ್ದೆ.

ಧ್ವನಿಮುದ್ರಿಸಿ ಕೇಳುವುದರ ಲಾಭವನ್ನು ಎಲ್ಲರೂ ಬಲ್ಲರು. ನಮ್ಮ ದನಿ ನಮಗೆ ತಲೆಬುರುಡೆಯ ಮೂಲಕವೂ ಕೇಳಿಸಿ ತುಂಬು ದನಿಯೆನಿಸುತ್ತದೆ, ಮೊಬೈಲಿಗೆ ಆ ದಾಕ್ಷಿಣ್ಯವಿಲ್ಲ. ನನ್ನ ಜಂಟಿ ವರಸೆಯನ್ನು ಮಗಳು ಹೆಮ್ಮೆಯಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸಿದಾಗ, ಕೇಳುವ ಮೊದಲೇ ಪ್ರತಿಕ್ರಿಯಿಸುವ ಅಭ್ಯಾಸವಿರುವ ದೊಡ್ಡಪ್ಪನ ಮಗನೊಬ್ಬ ‘ಓಂ ಶಾಂತಿ’ ಎಂದು ಹಾಕಿದ.

ಈಗ ಮಿಸ್ ನನ್ನನ್ನು ವಾರಕ್ಕೊಮ್ಮೆ ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯೊಂದಿಗೆ ಜೋಡಿ ಮಾಡಿದ್ದಾರೆ. ಶ್ರುತಿ ಬೇರೆಯಾದ್ದರಿಂದ ಅವಳು ನನಗಾಗಿ ತಗ್ಗಿ ಒಂದು ಆವರ್ತನ ಹಾಡುತ್ತಾಳೆ, ನಾನು ಕೇಳಿ ಹಾಗೆಯೇ ಒಪ್ಪಿಸಬೇಕು. ಮಿಸ್ ಅವರಿಗಿರುವ ಸಂಕೋಚವು ಅವಳಿಗೆ ಸ್ವಲ್ಪವೂ ಇಲ್ಲ. ‘ಅಂಕಲ್, ದ ಮೇಲೆ ಹೋಯ್ತು, ಇನ್ನೊಂದ್ಸಲ’ ಎಂದು ತೊಡೆ ತಟ್ಟಿ ನಿಲ್ಲಿಸುತ್ತಾಳೆ, ಸರಿಯಾಗುವವರೆಗೆ ಬಿಡುವುದಿಲ್ಲ. ಸರಳೆ, ಜಂಟಿ ವರಸೆಗಳಿಗೆ ವಾರಕ್ಕೊಂದು ಕಡಲೆ ಮಿಠಾಯಿಗೆ ಒಪ್ಪಿದ್ದವಳು, ಮುಂದಿನ ಪಾಠವಾದ ಅಲಂಕಾರಗಳು ಆರಂಭವಾಗುತ್ತಿದ್ದಂತೆ ತಾಳ ಏಳು ಬಗೆಯದ್ದೆಂಬ ಕಾರಣ ಕೊಟ್ಟು ಎರಡು ಕೇಳಿದ್ದಾಳೆ, ನಾನು ಕೊಡುತ್ತಿದ್ದೇನೆ.