ಹಾಲು, ಪಾಲ್, ಆಲು

ಚೆನ್ನೈನ ವಡಪಳನಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಮೆಟ್ಟಿಲ ಮೇಲೆ ದಿನಾ ಬೆಳಗಿನ 5.30ಕ್ಕೆ ಹಾಲಿನ ಪೊಟ್ಟಣ ಇಟ್ಟುಹೋಗುವಾತ ‘ಪಾಲ್’ ಎಂದು ಒಂದೇ ಸಲ ಕೂಗುತ್ತಾನೆ. ಮದ್ದೂರಿಗೂ ಮಳವಳ್ಳಿಗೂ ನಡುವಿನ ನಮ್ಮ ಹಳ್ಳಿಯಲ್ಲಿ ಅವ್ವ ಅದನ್ನೇ ‘ಆಲು’ ಎನ್ನುತ್ತಿದ್ದಳು. ಪುಸ್ತಕದಲ್ಲಿ ಅದು ‘ಹಾಲು’. ಹಳಗನ್ನಡದ ಪಾಲ್ ನಡುಗನ್ನಡದ ಹೊತ್ತಿಗೆ ಹಾಲಾಯಿತು. ಹಳೆ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಆ ಹಕಾರವೂ ಸವೆದು ಆಲಾಯಿತು. ತಮಿಳು ಮಾತ್ರ ಮೊದಲಿನ ಪಕಾರವನ್ನು ಬಿಡದೆ ಹಿಡಿದುಕೊಂಡು ಕೂತಿದೆ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಹುಡುಗನಾಗಿದ್ದಾಗ ನನಗೆ ತಿಳಿದಿದ್ದುದು, ನನ್ನ ನಾಲಗೆಯಲ್ಲಿ ಏನೋ ಐಬಿದೆ ಎಂಬುದಷ್ಟೇ.

ಪಟ್ಟಣದ ಪ್ರೌಢಶಾಲೆಗೆ ಸೇರಿದ ಮೊದಲ ವಾರ ಮೇಷ್ಟ್ರೊಬ್ಬರು ನನ್ನನ್ನು ನಿಲ್ಲಿಸಿ ಪಾಠ ಓದಿಸಿದರು. ನಾನು ಅಸು, ಉಲ್ಲು, ಆಲು ಎಂದು ಓದಿಕೊಂಡು ಹೋದೆ. ತರಗತಿ ನಕ್ಕಿತು. ತಿದ್ದಿಕೊಳ್ಳಬೇಕೆಂಬ ಆತುರದಲ್ಲಿ ಮುಂದಿನ ಸಾಲಿನಲ್ಲಿದ್ದ ಆನೆಯನ್ನು ‘ಹಾನೆ’ ಮಾಡಿದೆ, ಆಕಾಶವನ್ನು ‘ಹಾಕಾಶ’ ಮಾಡಿದೆ. ಆಗ ಮೇಷ್ಟ್ರೂ ನಕ್ಕರು. ಆ ವರ್ಷವೆಲ್ಲ ನನ್ನ ಹೆಸರು ‘ಹಾನೆ’ ಎಂದೇ ಆಗಿತ್ತು. ಹಕಾರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದಕ್ಕೆ ನಿಯಮವನ್ನು ಯಾರೂ ಹೇಳಿಕೊಡಲಿಲ್ಲ. ಅದು ಕೆಲವರ ಮನೆಗಳಲ್ಲಿ ಹುಟ್ಟಿನಿಂದಲೇ ಬರುತ್ತದೆ, ನಮ್ಮಂಥವರ ಮನೆಗಳಲ್ಲಿ ಬರುವುದಿಲ್ಲ ಎಂದು ನಾನು ನಂಬಿಬಿಟ್ಟಿದ್ದೆ.

ಆ ನಂಬಿಕೆಯನ್ನು ಕೆಡಿಸಿದವರು ಡಾ. ರಾಜಕುಮಾರ್. ‘ಬಭ್ರುವಾಹನ’ 1977ರಲ್ಲಿ ಬಿಡುಗಡೆಯಾದರೂ ನಮ್ಮ ಕಡೆಯ ಟೂರಿಂಗ್ ಟಾಕೀಸಿಗೆ ಬರುವ ವೇಳೆಗೆ ರೀಲುಗಳೆಲ್ಲ ಗೀಚುಬಿದ್ದು, ತೆರೆಯ ಮೇಲೆ ಸದಾ ಮಳೆ ಸುರಿಯುತ್ತಿತ್ತು. ನೆಲದ ಟಿಕೆಟ್ಟಿನವರು ಮರಳನ್ನು ಗುಡ್ಡೆಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದೆವು. ಅರ್ಜುನನೂ ಅವರೇ, ಬಭ್ರುವಾಹನನೂ ಅವರೇ. ಅಪ್ಪ ಮಗ ಎದುರುಬದುರು ನಿಂತು ವಾಗ್ವಾದಕ್ಕಿಳಿದಾಗ ಟೆಂಟಿನಲ್ಲಿ ಬೀಡಿ ಹಚ್ಚುವವರೂ ಕಡ್ಡಿ ಗೀರುವುದನ್ನು ಮರೆಯುತ್ತಿದ್ದರು. ಉಳಿದವರು ನೋಡಿದ್ದು ಬಿಲ್ಲು ಬಾಣಗಳನ್ನು. ನಾನು ಕೇಳಿದ್ದು ಅವರ ಹಕಾರವನ್ನು, ಭಕಾರವನ್ನು, ಧಕಾರವನ್ನು. ಒಂದೊಂದು ಮಹಾಪ್ರಾಣವೂ ಎದೆಯಿಂದ ಉಸಿರು ಹೊತ್ತು ಬಂದು ಹೊರಗೆ ಬೀಳುತ್ತಿತ್ತು, ಆದರೂ ಅದರಲ್ಲಿ ತಿಣುಕಾಟವಿರಲಿಲ್ಲ. ಆ ವರ್ಷದ ಗಣೇಶನ ಹಬ್ಬದಲ್ಲಿ ಮೈಕ್ ಸೆಟ್ಟಿನವನು ಅದೇ ಸಂಭಾಷಣೆಯ ಕ್ಯಾಸೆಟ್ಟನ್ನು ಐದು ದಿನವೂ ಹಾಕಿದ. ಕಬ್ಬಿನ ಗಾಡಿಯನ್ನು ಕಾರ್ಖಾನೆಯ ಮುಂದೆ ಸರತಿಗೆ ನಿಲ್ಲಿಸಿ ಅಪ್ಪ ನಿದ್ದೆ ಹೋದಾಗ, ನಾನು ಗಾಡಿಯ ಹಿಂದೆ ನಿಂತು, ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಕುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸಿಕೊಳ್ಳುತ್ತ ಆ ಮಾತುಗಳನ್ನು ಹೇಳಿಕೊಳ್ಳುತ್ತಿದ್ದೆ. ಅಂಗೈ ಬೆಚ್ಚಗಾದರೆ ಹಕಾರ ಬಂತೆಂದು ಅರ್ಥ.

ಅವರ ಬಗ್ಗೆ ತಿಳಿದುಕೊಂಡಷ್ಟೂ ನನ್ನ ಧೈರ್ಯ ಹೆಚ್ಚಿತು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ ಶಾಲೆಗೆ ಹೋದದ್ದು ಕೆಲವೇ ವರ್ಷ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನಿಗೆ ಬಿದ್ದು ಗುಬ್ಬಿ ಕಂಪನಿಯ ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತ, ಹಿರಿಯರ ಬಾಯಿಂದ ಬಿದ್ದ ಕಂದಪದ್ಯ, ಗದ್ಯಗಳನ್ನೆಲ್ಲ ಕಿವಿಯಲ್ಲೇ ಹಿಡಿದುಕೊಂಡು ಬೆಳೆದವರು ಅವರು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದರು, 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಪಡೆದರು. ಎಂದರೆ, ಹಕಾರವನ್ನು ಅವರು ಮನೆಯಿಂದ ತರಲಿಲ್ಲ, ಶಾಲೆಯಿಂದಲೂ ತರಲಿಲ್ಲ, ಕಸುಬಿನಿಂದ ಸಂಪಾದಿಸಿದರು. ಕಸುಬಿನಿಂದ ಸಿಗುವುದಾದರೆ ಕಬ್ಬಿನ ಗಾಡಿಯ ಹಿಂದೆಯೂ ಸಿಗಬೇಕಲ್ಲವೇ?

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಅಣ್ಣಾವ್ರು ಆದರ್ಶ ಎಂದ ಕೂಡಲೇ, ತೆರೆಯ ಮೇಲೆ ಅವರು ಕುಡಿತ, ಸಿಗರೇಟುಗಳಿಂದ ದೂರವಿದ್ದುದು, ಅಭಿಮಾನಿಗಳನ್ನು ದೇವರೆಂದದ್ದು, ‘ಬಂಗಾರದ ಮನುಷ್ಯ’ ನೋಡಿ ಓದಿದ ಹುಡುಗರು ಊರಿಗೆ ಮರಳಿ ನೇಗಿಲು ಹಿಡಿದದ್ದು, ಇವೇ ಮೂರು ಉದಾಹರಣೆಗಳು ಸಾಲಾಗಿ ಬಂದು ನಿಲ್ಲುತ್ತವೆ. ಸುಳ್ಳೇನಲ್ಲ. ಆದರೆ ನಮ್ಮೂರಿನಲ್ಲಿ ಆ ಚಿತ್ರವನ್ನು ನಾಲ್ಕು ಸಲ ನೋಡಿ ಬಂದು, ನಾಲ್ಕು ಸಲವೂ ಟೆಂಟಿನ ಬೇಲಿಯ ಆಚೆಗೇ ಬೀಡಿ ಸೇದಿದವರನ್ನು ನಾನು ಬಲ್ಲೆ. ನಡತೆಯನ್ನು ಹೊಗಳುವುದು ಸುಲಭ, ಕಲಿಯುವುದು ಕಷ್ಟ. ಅವರಿಂದ ಮಂಡ್ಯದ ಮಕ್ಕಳು ನಿಜವಾಗಿ ಕಲಿತದ್ದು ಮಾತನ್ನು ಎಂದೇ ನನ್ನ ಎಣಿಕೆ. ದೊಡ್ಡರಸಿನಕೆರೆಯ ಅಂಬರೀಶ್ ನಮ್ಮ ತಾಲ್ಲೂಕಿನವರೇ, ನಮ್ಮ ಹಾಗೇ ಮಾತಾಡುವವರು, ಮುಂದೆ ಮೂರು ಬಾರಿ ಮಂಡ್ಯದಿಂದ ಲೋಕಸಭೆಗೆ ಹೋದವರು. ಅವರ ಮೇಲಿದ್ದುದು ಅಣ್ಣತಮ್ಮಂದಿರ ಸಲುಗೆ. ರಾಜಕುಮಾರ್ ಮೇಷ್ಟ್ರಾಗಿದ್ದರು.

ಆದರೆ ಮೇಷ್ಟ್ರ ಪಾಠದಲ್ಲಿ ನಾನು ಅರ್ಧವನ್ನಷ್ಟೇ ಕಲಿತಿದ್ದೆ. ಹಕಾರ ಕೈವಶವಾದ ಮೇಲೆ ಮೈಸೂರಿನ ಕಾಲೇಜು ಸೇರಿದ ನಾನು, ರಜೆಗೆ ಊರಿಗೆ ಬಂದಾಗಲೆಲ್ಲ ಅವ್ವನನ್ನು ತಿದ್ದತೊಡಗಿದೆ. ‘ಆಲು ಅಲ್ಲ ಕಣವ್ವ, ಹಾಲು’ ಎಂದರೆ ಅವಳು ‘ಆಯ್ತು ಕಣಪ್ಪ, ಆಲೇ’ ಎಂದು ಲೋಟ ಮುಂದಿಡುತ್ತಿದ್ದಳು. ಕೆಲವು ದಿನಗಳಾದ ಮೇಲೆ ನನ್ನ ಗೆಳೆಯರು ಮನೆಗೆ ಬಂದರೆ ಅವಳು ಮಾತನ್ನೇ ಆಡದೆ ಒಳಗೆ ಉಳಿಯತೊಡಗಿದಳು. ಅದು ನನ್ನಿಂದ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಚೆನ್ನೈಯಲ್ಲಿ. ನಮ್ಮ ಕೆಳಗಿನ ಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ತಮಿಳು ಹಿರಿಯರೊಬ್ಬರಿದ್ದಾರೆ. 1952ರ ‘ಪರಾಶಕ್ತಿ’ಯಲ್ಲಿ ಶಿವಾಜಿ ಗಣೇಶನ್ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಆಡುವ ಮಾತು ಅವರಿಗೆ ಮೊದಲಿನಿಂದ ಕೊನೆಯವರೆಗೆ ಕಂಠಸ್ಥ. ಒಂದು ಸಂಜೆ ಅದನ್ನು ಅಚ್ಚ ಗ್ರಂಥದ ತಮಿಳಿನಲ್ಲಿ, ಕೈ ಎತ್ತಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿ ಮುಗಿಸಿದವರು, ಮರುಕ್ಷಣವೇ ಒಳಗಿದ್ದ ಹೆಂಡತಿಗೆ ಅರ್ಧ ಅಕ್ಷರಗಳನ್ನು ನುಂಗಿದ ಮನೆಯ ತಮಿಳಿನಲ್ಲಿ ಕಾಫಿ ಕೇಳಿದರು. ನಾನು ಬೆರಗಾದೆ. ಅವರಿಗೆ ಅದರಲ್ಲಿ ಬೆರಗೇನೂ ಕಾಣಲಿಲ್ಲ. ತಮಿಳಿನಲ್ಲಿ ವೇದಿಕೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ. ಈ ಭೇದ ಪ್ರೊಫೆಸರಿಗೂ ಉಂಟು, ಆಟೊ ಓಡಿಸುವವನಿಗೂ ಉಂಟು. ಗ್ರಂಥದ ತಮಿಳನ್ನು ಯಾರೂ ಅಡುಗೆಮನೆಯಲ್ಲಿ ಆಡುವುದಿಲ್ಲವಾದ್ದರಿಂದ, ಅದನ್ನು ಆಡದವರೆಂದು ಯಾರೂ ತಾಯಿಯನ್ನು ತಿದ್ದುವುದಿಲ್ಲ. ನಮ್ಮ ಹಳೆ ಮೈಸೂರಿನಲ್ಲಿ ಹಾಗಲ್ಲ. ಇಲ್ಲಿ ಕೆಲವರ ಮನೆಮಾತು ಪುಸ್ತಕದ ಮಾತಿಗೆ ಹತ್ತಿರ, ಉಳಿದವರದು ದೂರ. ಹೀಗಾಗಿ ಹಕಾರವೆಂಬುದು ಉಚ್ಚಾರಣೆಯ ವಿಷಯವಾಗಿ ಉಳಿಯದೆ, ಜಾತಿಯನ್ನೂ ಓದನ್ನೂ ಅಳೆಯುವ ಸೇರಾಗಿಬಿಟ್ಟಿದೆ. ತಮಿಳರಲ್ಲಿ ಈ ನಗೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಚೆನ್ನೈ ಬೀದಿಯ ಭಾಷೆಯನ್ನು ಅವರ ಸಿನಿಮಾಗಳೂ ಬಹುಕಾಲ ಹಾಸ್ಯಕ್ಕೇ ಬಳಸಿದವು.

ಇನ್ನೊಂದು ವ್ಯತ್ಯಾಸವನ್ನೂ ಆ ಹಿರಿಯರೇ ತೋರಿಸಿದರು. ಆ ಮಾತುಗಳನ್ನು ಬರೆದವರು ಕರುಣಾನಿಧಿ ಎಂದು ಹೇಳದೆ ಅವರು ಶಿವಾಜಿಯನ್ನು ಹೊಗಳುವುದೇ ಇಲ್ಲ. ‘ನಿಮ್ಮ ಬಭ್ರುವಾಹನನ ಮಾತು ಬರೆದವರು ಯಾರು?’ ಎಂದು ಕೇಳಿದರು. ಚಿತ್ರದ ನಿರ್ದೇಶಕರು ಹುಣಸೂರು ಕೃಷ್ಣಮೂರ್ತಿ ಎಂದಷ್ಟೇ ಹೇಳಿ ಸುಮ್ಮನಾದೆ. ಹತ್ತು ವರ್ಷ ಬಾಯಿಪಾಠ ಮಾಡಿದ ಮಾತನ್ನು ಬರೆದ ಕೈ ಯಾವುದೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾವು ಎಲ್ಲವನ್ನೂ ಒಬ್ಬರ ಪಾದಕ್ಕೆ ಹಾಕಿಬಿಡುತ್ತೇವೆ. ಅವರಾದರೋ ಮಾತು ಬರೆದವರನ್ನೂ ತೆರೆಯ ಮೇಲೆ ಮೆರೆದವರನ್ನೂ ಮುಖ್ಯಮಂತ್ರಿ ಮಾಡಿದರು. ನಮ್ಮ ರಾಜಕುಮಾರ್ 1982ರಲ್ಲಿ ಗೋಕಾಕ್ ಚಳವಳಿಗೆಂದು ನಾಡೆಲ್ಲ ಸುತ್ತಿ, ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಕೊಡಿಸಿರೆಂದು ಕೇಳಿದರೇ ಹೊರತು ಮತ ಕೇಳಲಿಲ್ಲ. ಯಾವುದು ಮೇಲೆಂದು ಕೆಳಮನೆಯ ಹಿರಿಯರಿಗೂ ನನಗೂ ಇನ್ನೂ ಇತ್ಯರ್ಥವಾಗಿಲ್ಲ.

ಆ ಸಂಜೆಯ ನಂತರ ನಾನು ರಾಜಕುಮಾರರ ಹಳೆಯ ಸಂದರ್ಶನಗಳನ್ನು ಮತ್ತೆ ಕೇಳಿದೆ. ತೆರೆಯ ಮೇಲೆ ಕೃಷ್ಣದೇವರಾಯನಾಗಿ, ಮಯೂರನಾಗಿ ಗುಡುಗಿದವರು ಕುರ್ಚಿಯ ತುದಿಯಲ್ಲಿ ಕೂತು, ಗಾಜನೂರಿನ ಮಾತಿನ ಲಯವನ್ನು ಎಲ್ಲೂ ಮರೆಮಾಚದೆ, ಮನೆಗೆ ಬಂದ ನೆಂಟರ ಹತ್ತಿರ ಆಡುವಂತೆ ಆಡುತ್ತಾರೆ. ಎರಡೂ ಅವರವೇ. ಅವರೂ ಒಂದು ರೀತಿಯಲ್ಲಿ ಹೊರನಾಡ ಕನ್ನಡಿಗರೇ ಆಗಿದ್ದರು ಎಂಬುದು ಆಗ ನೆನಪಾಯಿತು. ಗಾಜನೂರು ಇಂದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಅವರು ಸಂಸಾರ ಹೂಡಿದ್ದೂ ಈ ಊರಿನಲ್ಲೇ. ಶಿವರಾಜಕುಮಾರ್, ಪುನೀತ್ ಹುಟ್ಟಿದ್ದೂ ಇಲ್ಲೇ. ಎವಿಎಂ ಸ್ಟುಡಿಯೋ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ‘ಪಾಲ್’ ಎಂಬ ಕೂಗಿಗೆ ಅವರೂ ಬಾಗಿಲು ತೆರೆದಿರಬೇಕು.

ಊರಿಗೆ ಹೋದಾಗ ಈಗ ನಾನೂ ‘ಆಲು’ ಎನ್ನುತ್ತೇನೆ. ಅವ್ವ ಇಲ್ಲ. ತಂಗಿ ನಗುತ್ತಾಳೆ, ‘ಏನಣ್ಣ, ಮದ್ರಾಸಿಗೋಗಿ ಆ ಬುಟ್ಬುಟ್ಯಾ?’ ಎಂದು.

ಕಳೆದ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರ ರಾಜ್ಯೋತ್ಸವ ಕೂಟಕ್ಕೆಂದು ಮಗಳು ಬಭ್ರುವಾಹನನ ನಾಲ್ಕು ಮಾತು ಕಲಿಯಲು ಹೊರಟಳು. ಅವಳಿಗೆ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ; ಆದ್ದರಿಂದ ನನ್ನಿಂದ ಹೇಳಿಸಿಕೊಂಡು ತಮಿಳು ಅಕ್ಷರಗಳಲ್ಲಿ ಬರೆದುಕೊಂಡಳು. ಆ ಲಿಪಿಯಲ್ಲಿ ಬಕಾರಕ್ಕೂ ಭಕಾರಕ್ಕೂ ಪಕಾರವೊಂದೇ. ಎರಡು ದಿನ ಬಿಟ್ಟು ತನ್ನ ಬರಹವನ್ನು ತಾನೇ ಓದಲಾರದೆ ಹಾಳೆ ಹಿಡಿದು ಬಂದು, ‘ಅಪ್ಪ, ಇದು ಯಾವ ಬ?’ ಎಂದಳು. ಹೇಳಿಕೊಡಲು ಬಾಯಿ ತೆರೆದವನು, ಹಾಳೆಯನ್ನು ಪಕ್ಕಕ್ಕಿಟ್ಟು, ಅವಳ ಅಂಗೈಯನ್ನು ಅವಳ ಬಾಯಿಯ ಮುಂದೆ ಹಿಡಿಸಿ, ಫೋನಿನಲ್ಲಿ ಆ ದೃಶ್ಯವನ್ನು ಹಾಕಿದೆ.