ಗಿಡ ಕೊಡುವ ಮುಂಚೆ ನಾನು ಕೇಳುವ ಮಾತು: ನಿಮ್ಮದು ಯಾವೂರು?

ಹೋದ ಭಾನುವಾರ ನಮ್ಮ ನರ್ಸರಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಹುಡುಗಿ ಫೋನಿನಲ್ಲಿ ಅಡೇನಿಯಂ ಗಿಡದ ಫೋಟೊ ತೋರಿಸಿ "ಇಂಥವು ನಾಲ್ಕು ಬೇಕು ಮೇಡಂ, ಅಂಗಳದಲ್ಲಿ ಸಾಲಾಗಿ ಇಡೋಕೆ" ಅಂದಳು. ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ "ನಿಮ್ಮದು ಯಾವೂರಮ್ಮ?" ಅಂದೆ. ಅವಳ ಮುಖ ಬಿಗಿಯಾಯಿತು. ನಮ್ಮ ಕಡೆ "ಯಾವೂರು" ಅಂತ ಶುರುವಾದ ಮಾತು "ಯಾರ ಪೈಕಿ" ಅನ್ನುವಲ್ಲಿಗೆ ಹೋಗಿ ನಿಲ್ಲುವುದು ಎಲ್ಲರಿಗೂ ಗೊತ್ತಲ್ಲ. ಅವಳೂ ಹಾಗೇ ತಿಳಿದುಕೊಂಡಳು. "ಗಿಡ ತಗೊಳ್ಳೋಕೆ ಊರು ಯಾಕೆ ಬೇಕು ಮೇಡಂ?"

"ಎಷ್ಟು ಮಳೆ ಬೀಳುತ್ತೆ ಅಂತ ತಿಳ್ಕೊಳ್ಳೋಕೆ" ಅಂದೆ. ಆಮೇಲೆ ಅವಳು ನಕ್ಕಳು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಜೋರು ಮಳೆಯ ಊರು ಕೊಟ್ಟಿಗೆಹಾರ, ಅದರ ಹತ್ತಿರದವರು.

ಅಡೇನಿಯಂ ಆಫ್ರಿಕಾ, ಅರೇಬಿಯಾದ ಒಣನೆಲದ ಗಿಡ. ಅದರ ಊದಿಕೊಂಡ ಬುಡವೇ ಅದರ ನೀರಿನ ತೊಟ್ಟಿ. ಕೊಟ್ಟಿಗೆಹಾರದ ಅಂಗಳದಲ್ಲಿಟ್ಟರೆ ಆರಿದ್ರಾ ಮಳೆ ಹಿಡಿದ ಹದಿನೈದು ದಿನಕ್ಕೆ ಆ ಬುಡ ಕೊಳೆತ ಬಾಳೆಹಣ್ಣಿನ ಹಾಗಾಗುತ್ತದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಅದೇ ಗಿಡ ಒಣಸೀಮೆಯ ಕಡೂರಿನಲ್ಲಿ ಯಾರೂ ನೋಡದಿದ್ದರೂ ಹೂ ಬಿಡುತ್ತದೆ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಕೆಲವೇ ಗಂಟೆಗಳ ದಾರಿ, ಗಿಡಕ್ಕೆ ಮಾತ್ರ ಎರಡು ಬೇರೆ ದೇಶ. ಹಾಸನದ್ದೂ ಅದೇ ಕಥೆ, ಅರಸೀಕೆರೆಗೆ ಒಗ್ಗಿದ್ದು ಸಕಲೇಶಪುರಕ್ಕೆ ಒಗ್ಗುವುದಿಲ್ಲ. ಆ ಹುಡುಗಿಗೆ ಒಂದೇ ಅಡೇನಿಯಂ ಕೊಟ್ಟು, ಮಳೆಗಾಲವಿಡೀ ಜಗಲಿಯ ಮೇಲಿಡಿ, ನೀರು ಹಾಕಲೇಬೇಡಿ ಅಂದೆ. ಅಂಗಳದ ಸಾಲಿಗೆ ಹೈಡ್ರೇಂಜಿಯ ಕೊಟ್ಟೆ.

ಚಿಕ್ಕಮಗಳೂರಿನ ಆಲ್ದೂರು ದಾರಿಯಲ್ಲಿ ನರ್ಸರಿ ಇಟ್ಟು ನನಗೆ 14 ವರ್ಷ. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಅಪ್ಪ ಕಾಫಿ ನರ್ಸರಿ ಮಾಡುತ್ತಿದ್ದರು. ಈಗ ಈ ವ್ಯಾಪಾರ ಎತ್ತ ಹೋಗುತ್ತಿದೆ, ನಮ್ಮ ಜಿಲ್ಲೆಗಳ ನರ್ಸರಿಯವರು ಏನು ಮಾಡಬೇಕು ಅನ್ನುವುದರ ಬಗ್ಗೆ ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಉದ್ದವಾದರೆ ಕ್ಷಮಿಸಿ.

2020ರ ಲಾಕ್‌ಡೌನ್ ಎಲ್ಲವನ್ನೂ ಬದಲಾಯಿಸಿತು. ಅಮೆರಿಕದಲ್ಲಿ ಬರ್ಪಿ ಅಂತ ಬೀಜದ ಕಂಪನಿಯೊಂದಿದೆ, 1876ರಲ್ಲಿ ಶುರುವಾದದ್ದು. 2020ರ ಮಾರ್ಚ್‌ನಲ್ಲಿ ಆ ಕಂಪನಿ ತನ್ನ 144 ವರ್ಷಗಳಲ್ಲೇ ಎಂದೂ ಮಾರದಷ್ಟು ಬೀಜ ಮಾರಿತು. ಇಲ್ಲಿ ಆ ತಿಂಗಳ ಕೊನೆಗೆ ನಮ್ಮದು ಬಾಗಿಲು ಹಾಕಿತು. ಬಾಗಿಲು ತೆಗೆದ ಮೇಲೆ ಬಂದ ಜನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದ ಹುಡುಗರು, ಟೆರೇಸಿನಲ್ಲಿ ಸೊಪ್ಪು ಬೆಳೆಯುತ್ತೇನೆ ಅಂದ ಬ್ಯಾಂಕಿನವರು, ಕಿಟಕಿಗೆ ಮನಿ ಪ್ಲಾಂಟ್ ಕೇಳಿದ ಹಾಸ್ಟೆಲ್ ಮಕ್ಕಳು. ಇವರಲ್ಲಿ ಬಹಳ ಜನಕ್ಕೆ ಕೈ ಮಣ್ಣಾದದ್ದು ಅದೇ ಮೊದಲು. ಆಸೆ ಇತ್ತು, ಕಲಿಸುವವರು ಇರಲಿಲ್ಲ. ಗಿಡ ಮಾರುವವರು ಕಲಿಸಬೇಕಿತ್ತು, ನಾವು ಗಿಡ ಮಾತ್ರ ಮಾರಿದೆವು.

ನನ್ನ ತಪ್ಪನ್ನೇ ಹೇಳುತ್ತೇನೆ. ನಮ್ಮ ಕಡೆ ನರ್ಸರಿಗಳಲ್ಲಿ ಕಾಣುವ ಅಲಂಕಾರದ ಗಿಡಗಳಲ್ಲಿ ಬಹಳಷ್ಟು ಬರುವುದು ಆಂಧ್ರದ ಕಡಿಯಂನಿಂದ. ರಾಜಮಹೇಂದ್ರವರದ ಹತ್ತಿರ, ಗೋದಾವರಿ ದಂಡೆಯ ಊರು. ಅಲ್ಲಿ ಊರಿಗೆ ಊರೇ ನರ್ಸರಿ, ಅವರ ಕೈಚಳಕ ದೊಡ್ಡದು. ಆದರೆ ಆ ಗಿಡಗಳ ಬೇರಿಗೆ ಮೆತ್ತಿರುವುದು ನದಿ ಬಯಲಿನ ಜಿಗುಟು ಮಣ್ಣು. ಲಾರಿಯಲ್ಲಿ ಸಾವಿರ ಕಿಲೋಮೀಟರ್‌ ಹತ್ತಿರ ಬಂದರೂ ಆ ಉಂಡೆ ಒಡೆಯುವುದಿಲ್ಲ, ಬೇರು ಒಣಗುವುದಿಲ್ಲ. ಅವರ ಬಿಸಿಲಿಗೆ, ಅವರ ಸಾಗಾಟಕ್ಕೆ ಅದು ಸರಿ. ನಮ್ಮ ಮಳೆಯಲ್ಲಿ ಮಾತ್ರ ಆ ಉಂಡೆ ನೀರು ಕುಡಿದು ಹಿಟ್ಟಿನ ಮುದ್ದೆಯಾಗುತ್ತದೆ. ಬೇರಿಗೆ ಗಾಳಿ ಇಲ್ಲ. ಮೇಲೆ ಎಲೆ ಹಸಿರಾಗೇ ಇರುತ್ತದೆ, ಕೆಳಗೆ ಬೇರು ಕಪ್ಪಾಗಿರುತ್ತದೆ.

2021ರ ಬೇಸಿಗೆಯಲ್ಲಿ ನಾನು ಹಾಗೆ ಬಂದ ಗುಲಾಬಿ ಗಿಡಗಳನ್ನು ಲೋಡಿನಿಂದ ಇಳಿಸಿದವಳು ಹಾಗೇ ಮಾರಿದೆ. ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆಯ ಒಬ್ಬ ಅಜ್ಜಿ ಬಸ್ಸಿನಲ್ಲಿ ಬಂದರು. ಚೀಲದಲ್ಲಿ ಕುಂಡದ ಸಮೇತ ಸತ್ತ ಗಿಡ. ದುಡ್ಡು ವಾಪಸು ಕೇಳಲಿಲ್ಲ. ಕುಂಡವನ್ನು ನನ್ನ ಮುಂದಿಟ್ಟು "ನನ್ನ ಕೈಲಿ ಏನು ತಪ್ಪಾಯ್ತು ಅಂತ ಹೇಳು ಮಗಾ, ಐವತ್ತು ವರ್ಷದಿಂದ ಹೂವಿನ ಗಿಡ ಸಾಕಿದೀನಿ" ಅಂದರು. ನಾನು ಮಣ್ಣು ಬಿಡಿಸಿ ನೋಡಿದೆ. ಹೊರಗೆ ಅವರು ಹಾಕಿದ ಒಳ್ಳೆಯ ಗೊಬ್ಬರ ಮಣ್ಣು, ಒಳಗೆ ಮುಷ್ಟಿ ಗಾತ್ರದ ಆ ಉಂಡೆ ಹಾಗೇ ಕೂತಿತ್ತು. ತಪ್ಪು ನಿಮ್ಮದಲ್ಲ ಅಜ್ಜಿ, ನನ್ನದು ಅಂದೆ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅಪ್ಪ ಕಾಫಿ ಗಿಡಕ್ಕೆ ಹೀಗೆ ಮಾಡುತ್ತಿರಲಿಲ್ಲ. ಟೋಪಿ ಹಂತ ಅನ್ನುತ್ತೇವಲ್ಲ, ಮೊಳೆತು ಸ್ವಲ್ಪ ದಿನದ ಆ ಎಳೆಯ ಸಸಿಯನ್ನು ಕಿತ್ತು ಬ್ಯಾಗಿಗೆ ಹಾಕುವಾಗ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಇದು ತಪ್ಪುವಂತಿರಲಿಲ್ಲ. ಮಳೆಗಾಲ ಹತ್ತಿರ ಬಂದ ಹಾಗೆ ಚಪ್ಪರದ ಸೊಪ್ಪನ್ನು ದಿನಕ್ಕಿಷ್ಟು ಅಂತ ತೆಗೆಯುತ್ತಾ ಬರುತ್ತಿದ್ದರು, ಸಸಿಗೆ ಬಿಸಿಲು, ಹನಿ ಎರಡೂ ಅಭ್ಯಾಸವಾಗಲಿ ಅಂತ. ತೋಟಕ್ಕೆ ಹೋದ ಮೇಲೆ ಗಿಡ ಸತ್ತರೆ ಬೆಳೆಗಾರ ಮುಂದಿನ ವರ್ಷ ಬೇರೆ ಕಡೆ ಹೋಗುತ್ತಾನೆ ಅನ್ನುವುದು ಅವರಿಗೆ ಗೊತ್ತಿತ್ತು. ಹೂವಿನ ಗಿಡಕ್ಕೆ ಬಂದಾಗ ನಾವು ಆ ಬುದ್ಧಿಯನ್ನೆಲ್ಲ ಬಿಟ್ಟು ಲಾರಿ ಕಾಯುವವರಾದೆವು.

ಈಗ ನಾನು ಪಾಲಿಸುತ್ತಿರುವ ಕಟ್ಟುಪಾಡು ಇಷ್ಟು. ಹೊರಗಿಂದ ಬಂದ, ಅಂಗಳದಲ್ಲಿ ಇಡುವ ಯಾವ ಗಿಡವನ್ನೂ ನಮ್ಮ ಒಂದು ಮಳೆಗಾಲ ನೋಡಿಸದೆ ಮಾರುವುದಿಲ್ಲ. ಬಂದ ತಕ್ಷಣ ಬಕೆಟ್ ನೀರಿನಲ್ಲಿ ಅದ್ದಿ ಆ ಮಣ್ಣನ್ನು ಬೇರಿನಿಂದ ಮೆಲ್ಲಗೆ ತೊಳೆದು, ನಮ್ಮ ಮಣ್ಣು, ಮರಳು, ಗೊಬ್ಬರ, ಅರಸೀಕೆರೆ ಕಡೆಯ ತೆಂಗಿನ ನಾರಿನ ಪುಡಿ ಕಲಸಿ ಹೊಸದಾಗಿ ನೆಡುತ್ತೇವೆ. ನೂರಕ್ಕೆ ಹದಿನೈದು ಗಿಡ ನಮ್ಮಲ್ಲೇ ಸಾಯುತ್ತವೆ. ನನ್ನ ಕಣ್ಣೆದುರು ಸಾಯಲಿ, ಅಜ್ಜಿಯ ಅಂಗಳದಲ್ಲಿ ಬೇಡ. ಉಳಿದವಕ್ಕೆ ಐವತ್ತು, ಅರವತ್ತು ರೂಪಾಯಿ ಜಾಸ್ತಿ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ. ಚೌಕಾಸಿ ಮಾಡುವವರು ಇದ್ದಾರೆ, ಕಾರಣ ಕೇಳಿದ ಮೇಲೆ ಗಿಡ ಬಿಟ್ಟು ಹೋದವರು ಕಡಿಮೆ.

ಇದೇ ಕಸುಬಿನ ಅಣ್ಣಂದಿರು ನನ್ನ ಜೊತೆ ಜಗಳಕ್ಕೇ ಬರುತ್ತಾರೆ. "ಇವತ್ತು ಇನ್‌ಸ್ಟಾಗ್ರಾಂನಲ್ಲಿ ನೋಡಿದ್ದು ನಾಳೆ ಬೇಕು ಅಂತಾರೆ. ನೀನು ಆರು ತಿಂಗಳು ಗಿಡ ಸಾಕ್ತಾ ಕೂತರೆ ಅಷ್ಟರಲ್ಲಿ ಆ ಗಿಡದ ಹುಚ್ಚೇ ಇಳಿದಿರುತ್ತೆ." ಮಾತಿನಲ್ಲಿ ನಿಜವಿದೆ. ಮಾನ್‌ಸ್ಟೆರ ಒಂದು ವರ್ಷ ಇಟ್ಟ ಕಡೆ ನಿಲ್ಲಲಿಲ್ಲ, ಮರುವರ್ಷ ಕೇಳುವವರು ಅರ್ಧಕ್ಕರ್ಧ. ಆದರೆ ಆ ಓಟದಲ್ಲಿ ನಾವು ಆನ್‌ಲೈನಿನವರನ್ನು ಹಿಂದೆ ಹಾಕುವುದು ಯಾವ ಕಾಲಕ್ಕೂ ಆಗದ ಮಾತು. ಅವರ ಹತ್ತಿರ ಗೋದಾಮಿದೆ, ರಿಯಾಯಿತಿ ಇದೆ, ಮನೆ ಬಾಗಿಲಿಗೆ ತಲುಪಿಸುವ ಹುಡುಗರಿದ್ದಾರೆ. "ನಿಮ್ಮದು ಯಾವೂರು" ಅಂತ ಕೇಳಿದರೂ ಅವರು ಕೇಳುವುದು ಪಿನ್‌ಕೋಡಿಗಾಗಿ. ಅಲ್ಲಿಂದ ತರಿಸಿದ ಗಿಡ ಹಿಡಿದು ಜುಲೈನಲ್ಲಿ ನನ್ನ ಹತ್ತಿರವೇ ಬರುತ್ತಾರಲ್ಲ, "ಎಲೆ ಯಾಕೆ ಹಳದಿ ಆಯ್ತು ಮೇಡಂ" ಅಂತ, ನಮ್ಮ ಅಂಗಡಿ ಇರುವುದು ಆ ಪ್ರಶ್ನೆಯಲ್ಲಿ.

ಮನೆಯೊಳಗಿನ ಗಿಡಗಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. "ಗಾಳಿ ಶುದ್ಧ ಮಾಡುವ ಗಿಡ" ಅಂತ ಬೋರ್ಡು ಹಾಕಿ ಸ್ನೇಕ್ ಪ್ಲಾಂಟ್ ಮಾರುವುದನ್ನು ನಾವು ನಿಲ್ಲಿಸಬೇಕು. ಇದರ ಮೂಲ 1989ರಲ್ಲಿ ನಾಸಾಗಾಗಿ ವುಲ್ವರ್ಟನ್ ಅನ್ನುವ ವಿಜ್ಞಾನಿ ನಡೆಸಿದ ಅಧ್ಯಯನ. ಗಾಳಿಯಾಡದ ಹಾಗೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡವಿಟ್ಟು ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಕೆಟ್ಟ ಅನಿಲ ಎಷ್ಟು ಕಡಿಮೆಯಾಗುತ್ತದೆ ಅಂತ ನೋಡಿದರು. ನಮ್ಮ ಮನೆ ಪೆಟ್ಟಿಗೆಯಲ್ಲ. ಅಂಥ ಪ್ರಯೋಗಗಳ ಲೆಕ್ಕವನ್ನೆಲ್ಲ ಒಟ್ಟಿಗೆ ಹಾಕಿ ನೋಡಿದ ವಿಮರ್ಶೆಯೊಂದು 2019ರಲ್ಲಿ ಬಂತು. ಮನೆಯಲ್ಲಿ ಸಹಜವಾಗಿ ಗಾಳಿ ಆಡುವುದರಿಂದ ಆಗುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ನೆಲದ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅನ್ನುತ್ತದೆ ಅದು. ಅಂದರೆ ಕಿಟಕಿ ತೆಗೆದರೆ ಸಾಕು. ಚಿಕ್ಕಮಗಳೂರಿನಲ್ಲಿ ಕಿಟಕಿ ತೆಗೆದರೆ ಒಳಗೆ ಬರುವುದು ಮುಳ್ಳಯ್ಯನಗಿರಿಯ ಗಾಳಿ! ಉಬ್ಬಸದ ಮಗು ಇರುವ ತಾಯಿಯೊಬ್ಬಳು ಆ ಬೋರ್ಡು ನಂಬಿ ಎಂಟು ಗಿಡ ಎತ್ತಿಕೊಂಡಾಗ ನಾನು ಐದನ್ನು ವಾಪಸು ಇಡಿಸಿದೆ. ಬೋರ್ಡನ್ನು ಆವತ್ತೇ ತೆಗೆದೆ. ಗಿಡ ಚೆಂದ ಕಾಣುತ್ತದೆ, ಮನಸ್ಸಿಗೆ ಹಿತವಾಗುತ್ತದೆ, ಮಾರಲು ಅಷ್ಟು ಸಾಲದೇ?

ತರಕಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಗ್ರೋ ಬ್ಯಾಗ್ ಹುಡುಕಿಕೊಂಡು ಬಂದವರು ಬೆಲೆ ಇಳಿದ ಮೇಲೆ ಕಾಣಲಿಲ್ಲ. ಉಳಿದುಕೊಂಡವರು ಬಸಳೆ, ಚಕ್ರಮುನಿ, ಒಂದೆಲಗ, ದೊಡ್ಡಪತ್ರೆ ಹಾಕಿದವರು. ಕಡ್ಡಿಯನ್ನೋ ಬೇರಿರುವ ತುಂಡನ್ನೋ ಚುಚ್ಚಿದರೆ ಬರುವ ಗಿಡಗಳಿವು, ಹೊಸಬರಿಗೆ ಧೈರ್ಯ ಕೊಡುತ್ತವೆ.

ಹೋಮ್‌ಸ್ಟೇಯವರು ಈಗ ನಮ್ಮ ದೊಡ್ಡ ಗಿರಾಕಿಗಳು, ಅವರಿಗೆ ಹೇಳುವುದು ಕಷ್ಟವಾದರೂ ಹೇಳುತ್ತೇನೆ. ಹದಿನೈದು ದಿನದಲ್ಲಿ ತೋಟ ರೆಡಿ ಆಗಬೇಕು, ಪಾಮ್ ಸಾಲು, ಲಾನು, ಬೇಲಿ ತುಂಬಾ ಬಣ್ಣ. ಬಣ್ಣಕ್ಕೆ ಅಂತ ಒಬ್ಬರು ಲಂಟಾನ ಕೇಳಿದರು. ನಾನು ಮಾರುವುದಿಲ್ಲ ಅಂದೆ. ಲಂಟಾನ ಈ ದೇಶಕ್ಕೆ ಬಂದದ್ದೇ 19ನೇ ಶತಮಾನದ ಆರಂಭದಲ್ಲಿ, ಚೆಂದದ ಹೂವಿನ ಗಿಡ ಅಂತ. ಇವತ್ತು ಭದ್ರಾ ಕಾಡಿನೊಳಗೆ ಅದು ಹಬ್ಬಿರುವುದನ್ನು ನೋಡಿ, ನಮ್ಮ ತೋಟದ ಅಂಚಿನಲ್ಲಿ ಅದನ್ನು ಕಡಿಸಲು ಎಷ್ಟು ಆಳು ಹಿಡಿಯುತ್ತದೆ ಅಂತ ಯಾವ ಬೆಳೆಗಾರರನ್ನಾದರೂ ಕೇಳಿ. ಇನ್ನೂರು ವರ್ಷದ ಹಿಂದೆ ಅದನ್ನು ತಂದವರ ಮನಸ್ಸಿನಲ್ಲೂ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ನನಗೆ ಭಯ.

ಈ ಎಲ್ಲದರ ನಡುವೆ ನನಗೆ ನಿಜವಾಗಿ ಖುಷಿ ಕೊಟ್ಟ ಬದಲಾವಣೆ ಬೇರೆ. ಎರಡು ಮೂರು ವರ್ಷದಿಂದ ಚಿಕ್ಕ ವಯಸ್ಸಿನವರು ಬಂದು "ಅಜ್ಜಿ ಮನೆಯಲ್ಲಿದ್ದ ಹೂ ಬೇಕು" ಅನ್ನುತ್ತಿದ್ದಾರೆ. ಗೊರಟೆ ಕೇಳುತ್ತಾರೆ, ರತ್ನಗಂಧಿ ಕೇಳುತ್ತಾರೆ, ಎಸಳು ಮಾಸಿದ ಹಳೇ ಗುಲಾಬಿಯ ಪರಿಮಳ ವಿವರಿಸಿ ಹೆಸರು ಗೊತ್ತಿಲ್ಲ ಅನ್ನುತ್ತಾರೆ. ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ ದಂಡೆಯನ್ನೂ ಕೇಳುತ್ತಾರೆ. ಅದನ್ನು ಮಾತ್ರ ಕಾಡಿನ ಮರದಿಂದ ಕಿತ್ತು ತಂದು ಮಾರುವ ಕೆಲಸಕ್ಕೆ ಯಾರೂ ಕೈ ಹಾಕಬೇಡಿ, ಕೊಳ್ಳಲೂ ಬೇಡಿ. ಮರದ ಮೇಲಿನ ಒಂದು ದಂಡೆ ಆ ಗಾತ್ರಕ್ಕೆ ಬರಲು ವರ್ಷಗಟ್ಟಲೆ ಬೇಕು.

ಮತ್ತೆ ಡೇರೆ ಹೂ, ಅಂದರೆ ಡೇಲಿಯಾ. ಡೇರೆಯ ತವರು ಮೆಕ್ಸಿಕೋದ ಬೆಟ್ಟಸೀಮೆ, 1963ರಿಂದ ಅದು ಅಲ್ಲಿಯ ರಾಷ್ಟ್ರೀಯ ಹೂವು. ಆದರೂ ನಮ್ಮ ಮಳೆಗೆ ಅದು ಹುಟ್ಟಿ ಬೆಳೆದ ಹಾಗೆ ಒಗ್ಗಿದೆ. ನಮ್ಮ ಅಮ್ಮ ಜೀವಮಾನದಲ್ಲಿ ಒಂದು ಡೇರೆ ಗೆಡ್ಡೆಯನ್ನೂ ದುಡ್ಡು ಕೊಟ್ಟು ತಂದವಳಲ್ಲ. ಮದುವೆ ಮನೆಯಿಂದ ಬರುವಾಗ ಸೀರೆ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಗೆಡ್ಡೆ ಇರುತ್ತಿತ್ತು, ಹೋಗುವಾಗ ಇವಳೂ ಒಂದು ಒಯ್ದಿರುತ್ತಿದ್ದಳು. ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಅನ್ನುವ ನಂಬಿಕೆ ಬೇರೆ. ಇಂಥ ಹೆಂಗಸರು ನರ್ಸರಿಗೆ ಗಿರಾಕಿಗಳೇ ಅಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಯಾವ ಗಿಡ ಯಾವ ಊರಿನ ಮಳೆ ತಡೆಯುತ್ತದೆ ಅನ್ನುವ ಲೆಕ್ಕವೆಲ್ಲ ಇರುವುದು ಅವರ ಹತ್ತಿರ. ಕುಂಡ, ಗೊಬ್ಬರ, ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ, ಇವೆಲ್ಲ ಅವರಿಗೆ ಬೇಕು. ಅವರ ಗೆಡ್ಡೆ ನಮಗೆ ಬೇಕು. ಲಾರಿ ಕಾಯುವ ಬದಲು ಅವರ ಅಂಗಳಗಳಿಂದ ಸಸಿ ಮಾಡಿ ಮಾರಿದರೆ ಆ ಗಿಡಕ್ಕೆ ಮಳೆಗಾಲವನ್ನು ಹೊಸದಾಗಿ ಕಲಿಸಬೇಕಿಲ್ಲ.

ಈ ವರ್ಷ ಅದನ್ನು ಶುರು ಮಾಡುತ್ತಿದ್ದೇನೆ. ಮನೆಯಲ್ಲಿ ಹಳೇ ಡೇರೆ ಗೆಡ್ಡೆ ಇರುವವರು ರೋಹಿಣಿ ಮಳೆ ಮುಗಿಯುವುದರೊಳಗೆ ಮೊಳಕೆಯ ಕಣ್ಣು ಮುರಿಯದ ಹಾಗೆ ತಂದುಕೊಡಿ, ಬದಲಿಗೆ ನರ್ಸರಿಯಲ್ಲಿ ನಿಮಗೆ ಇಷ್ಟವಾದ ಗಿಡ ತೆಗೆದುಕೊಂಡು ಹೋಗಿ. ಗೆಡ್ಡೆಗೆ ಒಂದು ಚೀಟಿ ಕಟ್ಟಿ, ಅದರ ಮೇಲೆ ಹೂವಿನ ಬಣ್ಣ ಬರೆಯಿರಿ. ಬಣ್ಣ ಮರೆತಿದ್ದರೆ ಚಿಂತೆಯಿಲ್ಲ, ಊರಿನ ಹೆಸರು ಮಾತ್ರ ಬರೆಯಲು ಮರೆಯಬೇಡಿ.