ನಂಬಿಕೆ ಇದೆಯಾ? ಹಾಗಾದರೆ ಪಾಸ್‌ಕೋಡ್ ಒತ್ತಿ

ಮೊನ್ನೆ ರಾತ್ರಿ ಹೊಸ ಲ್ಯಾಪ್‌ಟಾಪಿಗೆ ಫೋನಿನ ಕೇಬಲ್ ಚುಚ್ಚಿದೆ. ನಾಲ್ಕು ಫೋಟೋ ಇಳಿಸಿಕೊಳ್ಳೋಣ ಅಂತ, ಅಷ್ಟೇ. ಫೋನಿನ ಮೇಲೆ ಪ್ರಶ್ನೆ ಬಂತು: ಈ ಕಂಪ್ಯೂಟರನ್ನು ನಂಬುತ್ತೀರಾ? ಕೆಳಗೆ ಎರಡು ಬಟನ್. ನಂಬು, ನಂಬಬೇಡ. ನಡುವೆ 'ನೋಡೋಣ', 'ಇವತ್ತೊಂದಿನ ಮಾತ್ರ' ಅಂತ ಏನೂ ಇಲ್ಲ. ಇಷ್ಟು ನೇರವಾಗಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ಮದುವೆ ದಿನ ಕೂಡ. ಮನೆಗೆ ಬಂದು ಎರಡು ದಿನವಾದ ಯಂತ್ರ, ಅದರ ಗುಣ ನನಗೇನು ಗೊತ್ತು? ಆದರೂ ದಾಕ್ಷಿಣ್ಯಕ್ಕೆ 'ನಂಬು' ಒತ್ತಿದೆ. ಒತ್ತಿದ ತಕ್ಷಣ ಫೋನು ಪಾಸ್‌ಕೋಡ್ ಕೇಳಿತು. ಅಂದರೆ ನಾನು ಕಂಪ್ಯೂಟರನ್ನು ನಂಬಬೇಕು, ಫೋನು ಮಾತ್ರ ನನ್ನನ್ನು ನಂಬುವುದಿಲ್ಲ.

ಆಮೇಲೆ ನೋಡಿದರೆ ಈ ಪದ ಎಲ್ಲಿ ಸಿಕ್ಕಿದರೂ ಕಥೆ ಹೀಗೇ. 'ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಂಡೇ ಮುಂದುವರಿಯುತ್ತೇವೆ' ಅಂತ ದೊಡ್ಡವರು ಮೈಕಿನ ಮುಂದೆ ಹೇಳುತ್ತಾರಲ್ಲ, ಅದರರ್ಥ ತೀರ್ಮಾನ ಆಗಿದೆ, ಆದೇಶ ಟೈಪಾಗಿದೆ, ಸಹಿಯ ಶಾಯಿಯೂ ಒಣಗಿದೆ, ಈಗ ನಿಮ್ಮ ಕಿವಿಗೆ ಹಾಕುತ್ತಿದ್ದೇವೆ ಅಂತ. ಹಿಂದಿನ ಸಲ ಹೇಳದೇ ಮಾಡಿದ್ದರು, ಗಲಾಟೆ ಆಯಿತು. ಅದಕ್ಕೇ ಈ ಸಲ ವಿಶ್ವಾಸ.

ವಿಶ್ವಾಸಮತ ಇನ್ನೂ ಚೆನ್ನಾಗಿದೆ. ಸರ್ಕಾರದ ಮೇಲೆ ತುಂಬು ವಿಶ್ವಾಸ ಇದೆ ಅಂತ ಕೈ ಎತ್ತುವ ಸದಸ್ಯರ ಜೇಬಲ್ಲಿ ಪಕ್ಷ ಕೊಟ್ಟ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನೋ ಅಪ್ಪಣೆ, ಇರುತ್ತದೆ. ಇಂಗ್ಲಿಷಿನ ಆ ಪದಕ್ಕೆ ಚಾವಟಿ ಅಂತ ಅರ್ಥ. ನರಿ ಬೇಟೆಯಲ್ಲಿ ನಾಯಿಗಳು ಗುಂಪು ಬಿಟ್ಟು ಓಡದ ಹಾಗೆ ಕಾಯುತ್ತಿದ್ದವನ ಹೆಸರು ಸಂಸತ್ತಿಗೆ ಬಂದು ಸೇರಿಕೊಂಡಿದೆ. ಚಾವಟಿ ಹಿಡಿದು ಎಣಿಸಿದ ಮೇಲೂ ಅದನ್ನು ವಿಶ್ವಾಸ ಅಂತಲೇ ಕರೆಯಬೇಕು, ನಗಬಾರದು.

ಭರವಸೆಯದು ಸಣ್ಣ ಕಥೆ. ಚುನಾವಣೆಗೆ ಮುಂಚೆ ಅವರು ಕೊಡೋದೂ ಭರವಸೆ, ಆಮೇಲೆ ನಾವು ಕಳೆದುಕೊಳ್ಳೋದೂ ಭರವಸೆ. ಸರಕು ಒಂದೇ.

ಈ ಇಡೀ ಬಳಗದಲ್ಲಿ ಪ್ರಾಮಾಣಿಕ ಅಂತ ನನಗೆ ಅನ್ನಿಸಿದವನು ಒಬ್ಬನೇ. ಅವನು ಕಳ್ಳ. ಹೆಸರು ವಿಲಿಯಂ ಥಾಂಪ್ಸನ್, 1849ರಲ್ಲಿ ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದ. ನೀಟಾಗಿ ಬಟ್ಟೆ ಹಾಕಿಕೊಂಡು, ಬೀದಿಯಲ್ಲಿ ಸಿಕ್ಕ ಅಪರಿಚಿತರ ಹತ್ತಿರ ಹಳೇ ಗೆಳೆಯನ ಹಾಗೆ ಮಾತಿಗಿಳಿದು, ನಾಳೆವರೆಗೆ ನಿಮ್ಮ ಗಡಿಯಾರ ಕೊಡುವಷ್ಟು ನನ್ನ ಮೇಲೆ ನಂಬಿಕೆ ಇದೆಯಾ ಅಂತ ಕೇಳುತ್ತಿದ್ದ. ಜನ ಬಿಚ್ಚಿ ಕೊಡುತ್ತಿದ್ದರು! ಪತ್ರಿಕೆಯವರು ಅವನಿಗೆ 'ಕಾನ್ಫಿಡೆನ್ಸ್ ಮ್ಯಾನ್' ಅಂತ ಹೆಸರಿಟ್ಟರು, ಮುಂದೆ ಅದೇ ಸವೆದು 'ಕಾನ್‌ಮ್ಯಾನ್' ಆಯಿತು. ಪದ ಬಿಡಿಸಿ ನೋಡಿದರೆ ನಂಬಿಕೆಯ ಮನುಷ್ಯ, ಅರ್ಥ ಮಾತ್ರ ಮೋಸಗಾರ. ಪಾಪ, ಅವನು ಕೇಳಿದ್ದು ಗಡಿಯಾರ ಒಂದೇ. ಟಾರ್ಚ್ ಹಚ್ಚಲು ಹಾಕಿಕೊಂಡ ಆಪ್ ಈಗ ನಮ್ಮ ಕಾಂಟ್ಯಾಕ್ಟ್, ಲೊಕೇಶನ್, ಮೈಕು ಎಲ್ಲ ಕೇಳುತ್ತದೆ.

ಇನ್ನು ಟ್ರಸ್ಟ್. ಇಂಗ್ಲಿಷಿನಲ್ಲಿ ಅದಕ್ಕೂ ನಂಬಿಕೆ ಅಂತಲೇ ಅರ್ಥ. ಒಬ್ಬರ ಆಸ್ತಿಯನ್ನು ಅವರ ಒಳಿತಿಗೆ ಇನ್ನೊಬ್ಬರು ನೋಡಿಕೊಳ್ಳೋದು ಅಂತ ಇದ್ದ ಒಳ್ಳೆ ಏರ್ಪಾಟು. 1882ರಲ್ಲಿ ಅಮೆರಿಕದ ಪೆಟ್ರೋಲಿಯಂ ಉದ್ಯಮಿ ರಾಕ್‌ಫೆಲರ್ ಕಡೆಯವರು ಸುಮಾರು 40 ಕಂಪನಿಗಳ ಶೇರುಗಳನ್ನು ಒಂಬತ್ತು ಟ್ರಸ್ಟಿಗಳ ಕೈಗಿಟ್ಟು ಸ್ಟ್ಯಾಂಡರ್ಡ್ ಆಯಿಲ್ ಟ್ರಸ್ಟ್ ಮಾಡಿದರು. ಎಣ್ಣೆ ವ್ಯಾಪಾರ ಬಹುಪಾಲು ಒಂದೇ ಮುಷ್ಟಿಗೆ ಬಂತು. ಬೇರೆಯವರೂ ನೋಡಿ ಕಲಿತರು. ಈ ನಂಬಿಕೆಯ ಕಾಟ ಎಷ್ಟು ಜಾಸ್ತಿ ಆಯಿತೆಂದರೆ ಅದನ್ನು ತಡೆಯಲು 1890ರಲ್ಲಿ ಕಾನೂನೇ ಮಾಡಬೇಕಾಯಿತು. 1911ರಲ್ಲಿ ಕೋರ್ಟು ಸ್ಟ್ಯಾಂಡರ್ಡ್ ಆಯಿಲನ್ನು 34 ಚೂರು ಮಾಡಿತು. ಇಂಥ ಕಾನೂನಿಗೆ ಇವತ್ತಿಗೂ ಆಂಟಿಟ್ರಸ್ಟ್ ಅಂತಲೇ ಹೆಸರು. ಇದ್ದದ್ದು ಇದ್ದ ಹಾಗೆ ಕನ್ನಡಕ್ಕೆ ತಂದರೆ, ನಂಬಿಕೆ ನಿಷೇಧ ಕಾಯ್ದೆ.

ಆದರೆ ನಂಬಿಕೆಯನ್ನೇ ಪ್ಯಾಕ್ ಮಾಡಿ ಮಾರಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸಿನ ಡಿಜಿನೋಟಾರ್ ಅನ್ನೋ ಕಂಪನಿಯ ಕಸುಬು, ಈ ವೆಬ್‌ಸೈಟ್ ಅಸಲಿ ಅಂತ ಸರ್ಟಿಫಿಕೇಟ್ ಕೊಡೋದು. ಅದರ ಹೆಸರನ್ನು ನಾವ್ಯಾರೂ ಕೇಳಿರಲಿಲ್ಲ, ಆದರೆ ನಮ್ಮ ಪರವಾಗಿ ನಮ್ಮ ಬ್ರೌಸರ್ ಅದನ್ನು ನಂಬಿ ಕೂತಿತ್ತು. ನಮ್ಮನ್ನು ಒಂದು ಮಾತು ಕೇಳಲಿಲ್ಲ, ಅಲ್ವಾ? 2011ರಲ್ಲಿ ಯಾರೋ ಒಳಗೆ ನುಗ್ಗಿ 500ಕ್ಕೂ ಹೆಚ್ಚು ನಕಲಿ ಸರ್ಟಿಫಿಕೇಟ್ ಮಾಡಿಕೊಂಡರು, ಗೂಗಲ್ ಹೆಸರಲ್ಲೂ ಒಂದು. ಬ್ರೌಸರ್‌ಗಳು ಆ ಕಂಪನಿಯನ್ನು ತಮ್ಮ ನಂಬಿಕಸ್ಥರ ಪಟ್ಟಿಯಿಂದ ಕಿತ್ತುಹಾಕಿದವು. ಸೆಪ್ಟೆಂಬರ್ ಹೊತ್ತಿಗೆ ಕಂಪನಿ ದಿವಾಳಿ. ಈಗ ಕಂಪ್ಯೂಟರ್ ಭದ್ರತೆಯವರ ಮಂತ್ರ 'ಝೀರೋ ಟ್ರಸ್ಟ್'. ಯಾರನ್ನೂ ನಂಬಬೇಡ, ಪ್ರತಿ ಸಲವೂ ಪರೀಕ್ಷೆ ಮಾಡು. ಅದನ್ನು ಮಾರಲು ಬರುವವರ ಮೊದಲ ಮಾತು, ನಮ್ಮನ್ನು ನಂಬಿ ಸಾರ್.

ಫೋಟೋ ವಿಷಯ ಮರೆತೆ. ಅವನ್ನು ಹಾಕಿಡಲು ಒಂದು ಖಾತೆ ತೆರೆಯಬೇಕಿತ್ತು. ಹೆಸರು ಕೊಟ್ಟೆ, ನಂಬಲಿಲ್ಲ, ಇಮೇಲ್ ಕೇಳಿದರು. ಇಮೇಲ್ ಕೊಟ್ಟೆ, ಅದಕ್ಕೊಂದು ಓಟಿಪಿ. ಆಮೇಲೆ ನಾನು ರೋಬೋ ಅಲ್ಲ ಅಂತ ತೋರಿಸಲು ಟ್ರಾಫಿಕ್ ದೀಪ ಇರುವ ಚೌಕಗಳನ್ನೆಲ್ಲ ಒತ್ತಬೇಕಿತ್ತು. ದೀಪದ ಕಂಬವೂ ಲೆಕ್ಕಕ್ಕಾ ಅಂತ ಗೊತ್ತಾಗದೆ ಎರಡು ಸಲ ಫೇಲಾದೆ. ಮನುಷ್ಯ ಅಂತ ಪಾಸಾಗಿದ್ದು ಮೂರನೇ ಸಲ. ಕೊನೆಗೆ ಬಂತು ನಿಯಮ ಮತ್ತು ಷರತ್ತುಗಳ ಪುಟ, ಎಷ್ಟು ಎಳೆದರೂ ಮುಗಿಯದ್ದು. 'ಇದನ್ನೆಲ್ಲ ಓದಿ, ಅರ್ಥ ಮಾಡಿಕೊಂಡು, ಒಪ್ಪಿದ್ದೇನೆ' ಅನ್ನೋ ಡಬ್ಬಿಯಲ್ಲಿ ನಾಲ್ಕೇ ಸೆಕೆಂಡಿಗೆ ಟಿಕ್ ಹಾಕಿದೆ.

ಓಟಿಪಿ ಇಲ್ಲ, ದೀಪ ಇಲ್ಲ, ಮರುಪ್ರಶ್ನೆ ಇಲ್ಲ. ಸುಮ್ನೆ ನಂಬಿಬಿಟ್ಟರು.